ನಿಲ್ಲದ ಕೆಮ್ಮೂ ಹೊಸ ಮದ್ದಿನ ಪರೀಕ್ಷೆಯೂ

ಅಡಿಗೆಯ ಮನೆಯಲ್ಲಿ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸ್ವಲ್ಪ ಸೀದರೆ ಸಾಕು, ನಡುಮನೆಯಲ್ಲಿ ಓದುತ್ತ ಕುಳಿತವರೂ ಜಗಲಿಯ ಮೇಲೆ ಮಾತನಾಡುತ್ತಿದ್ದವರೂ ಒಟ್ಟಿಗೆ ಕೆಮ್ಮಲು ತೊಡಗುತ್ತಾರೆ. ಕಿಟಕಿ ತೆರೆದು, ಘಾಟು ಹೊರಟುಹೋದ ಮೇಲೆ ಕೆಮ್ಮೂ ನಿಲ್ಲುತ್ತದೆ. ಇದು ನಮಗೆಲ್ಲ ಅನುಭವವಾಗಿರುವ ಸಂಗತಿ. ಆದರೆ ಘಾಟು ಇಲ್ಲ, ಹೊಗೆ ಇಲ್ಲ, ನೆಗಡಿ ಇಲ್ಲ, ಎದೆಯ ಚಿತ್ರದಲ್ಲಿ ಯಾವ ಕಲೆಯೂ ಇಲ್ಲ, ಆದರೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೆಮ್ಮುತ್ತಲೇ ಇರುವವರು ಉಂಟು. ಬಸ್ಸಿನಲ್ಲಿ ಪಕ್ಕದವರು ದೂರ ಸರಿಯುತ್ತಾರೆ. ಸಂಗೀತ ಕಚೇರಿಗೆ ಹೋಗಲು ಮನಸ್ಸು ಬರುವುದಿಲ್ಲ. ರಾತ್ರಿ ತಮಗೂ ನಿದ್ರೆಯಿಲ್ಲ, ಮನೆಯವರಿಗೂ ಇಲ್ಲ. ಕೆಲವರಿಗೆ ಕೆಮ್ಮಿನ ರಭಸಕ್ಕೆ ಪಕ್ಕೆಲುಬು ಬಿರುಕು ಬಿಡುವುದೂ, ಕಣ್ಣು ಕತ್ತಲಿಟ್ಟು ಬೀಳುವುದೂ ಉಂಟು. ಹೆಂಗಸರಲ್ಲಿ ಅನೇಕರಿಗೆ ಕೆಮ್ಮಿದಾಗ ಮೂತ್ರ ಸೋರುತ್ತದೆ. ಅದನ್ನು ಅವರು ವೈದ್ಯರ ಬಳಿಯೂ ಹೇಳಲಾರರು.

ಇಂಥವರಿಗಾಗಿ ಕಳೆದ ಕೆಲವು ವರ್ಷಗಳಲ್ಲಿ ಒಂದು ಹೊಸ ಬಗೆಯ ಮದ್ದು ಪರೀಕ್ಷೆಗೆ ಬಂದಿತು. ಆ ಪರೀಕ್ಷೆಯ ಕಥೆ ಬಹು ಬೋಧಪ್ರದವಾದುದು. ಒಂದೇ ಅಂಕಿಅಂಶಗಳನ್ನು ನೋಡಿ ಒಂದು ದೇಶವು ಮದ್ದನ್ನು ಒಪ್ಪಿತು, ಇನ್ನೊಂದು ದೇಶವು ಎರಡು ಬಾರಿ ತಳ್ಳಿಹಾಕಿತು. ಹೀಗಾದುದೇಕೆ? ಒಂದು ಮದ್ದು ಕೆಲಸ ಮಾಡುತ್ತದೆ ಎಂದು ಹೇಳುವುದಕ್ಕೆ ಏನೇನು ಬೇಕು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕೆಮ್ಮು ಎಂದರೇನು?

ಕೆಮ್ಮು ರೋಗವಲ್ಲ; ಅದು ಶ್ವಾಸಮಾರ್ಗದ ಕಾವಲುಗಾರ. ಗಂಟಲಿನಿಂದ ಹಿಡಿದು ಶ್ವಾಸನಾಳದ ಕವಲುಗಳವರೆಗೆ ಒಳಪೊರೆಯಲ್ಲಿ ಅತಿ ಸೂಕ್ಷ್ಮವಾದ ನರಗಳ ತುದಿಗಳು ಹರಡಿಕೊಂಡಿವೆ. ಧೂಳು, ಹೊಗೆ, ಆಮ್ಲ, ದಾರಿತಪ್ಪಿದ ಅನ್ನದ ಅಗುಳು, ಇವುಗಳಲ್ಲಿ ಯಾವುದು ತಾಗಿದರೂ ಆ ತುದಿಗಳು ಎಚ್ಚೆತ್ತು, ವೇಗಸ್ ಎಂಬ ದೊಡ್ಡ ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿಯನ್ನು ಕಳುಹಿಸುತ್ತವೆ. ಅಲ್ಲಿಂದ ಆಜ್ಞೆ ಹೊರಡುತ್ತದೆ. ಮೊದಲು ದೀರ್ಘವಾಗಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತೇವೆ. ಬಳಿಕ ಧ್ವನಿಪೆಟ್ಟಿಗೆಯ ಬಾಗಿಲು ಕ್ಷಣಕಾಲ ಮುಚ್ಚುತ್ತದೆ. ಹೊಟ್ಟೆಯ ಮತ್ತು ಎದೆಯ ಸ್ನಾಯುಗಳು ಬಿಗಿದು ಒಳಗಿನ ಗಾಳಿಯನ್ನು ಒತ್ತುತ್ತವೆ. ತಟ್ಟನೆ ಬಾಗಿಲು ತೆರೆದುಕೊಂಡು ಗಾಳಿಯು ಸಿಡಿದು ಹೊರಬರುತ್ತದೆ. ಆ ಸಿಡಿತವೇ ನಮಗೆ ಕೇಳಿಸುವ ಕೆಮ್ಮು.

ವೇಗಸ್ ನರದ ಒಂದು ಚಿಕ್ಕ ಕವಲು ಕಿವಿಯ ಕೊಳವೆಗೂ ಹೋಗುತ್ತದೆ. ಆದುದರಿಂದಲೇ ಕೆಲವರಿಗೆ ಕಿವಿಯೊಳಕ್ಕೆ ಕಡ್ಡಿ ಹಾಕಿದರೆ ಕೆಮ್ಮು ಬರುತ್ತದೆ. ಗಂಟಲಿನಲ್ಲಿ ಏನೂ ಇಲ್ಲದಿದ್ದರೂ ನರಕ್ಕೆ ಸುದ್ದಿ ಹೋದರೆ ಸಾಕು, ಕೆಮ್ಮು ಹುಟ್ಟುತ್ತದೆ ಎಂಬುದಕ್ಕೆ ಇದು ಸುಲಭವಾದ ನಿದರ್ಶನ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವನ್ನು ಗುರುತಿಸುವ ಗ್ರಾಹಕವೊಂದು ನರದ ತುದಿಯಲ್ಲಿದೆ. 1997ರಲ್ಲಿ ಅದನ್ನು ಪತ್ತೆಮಾಡಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್‌ರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಒಗ್ಗರಣೆಯ ಘಾಟಿಗೆ ನಾವು ಕೆಮ್ಮುವುದು ಆ ಗ್ರಾಹಕದ ಮೂಲಕವೇ.

ಮೊದಲು ಕಾರಣವನ್ನು ಹುಡುಕಬೇಕು

ವಯಸ್ಕರಲ್ಲಿ 8 ವಾರಗಳಿಗಿಂತ ಹೆಚ್ಚು ಕಾಲ ಉಳಿಯುವ ಕೆಮ್ಮನ್ನು ವೈದ್ಯರು ದೀರ್ಘಕಾಲದ ಕೆಮ್ಮು ಎಂದು ಕರೆಯುತ್ತಾರೆ. ಆದರೆ ನಮ್ಮ ದೇಶದಲ್ಲಿ ಅಷ್ಟು ದಿನ ಕಾಯತಕ್ಕದ್ದಲ್ಲ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫವನ್ನು ಪರೀಕ್ಷೆ ಮಾಡಿಸಬೇಕೆಂಬುದು ಕ್ಷಯ ನಿವಾರಣೆಯ ಕಾರ್ಯಕ್ರಮದ ನಿಯಮ.

ಮೈಸೂರಿಗೆ ಈ ವಿಷಯ ಹೊಸದಲ್ಲ. ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯು 1921ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿತವಾದುದು. ಅರಮನೆಯ ಹೆಣ್ಣುಮಗಳನ್ನೂ ಕ್ಷಯವು ಬಿಡಲಿಲ್ಲ ಎಂಬ ದುಃಖದ ನೆನಪು ಅದರ ಹೆಸರಿನಲ್ಲಿಯೇ ಇದೆ. ಆ ಕಾಲದಲ್ಲಿ ಕ್ಷಯದ ಕೆಮ್ಮಿಗೆ ಗುಣಕಾರಿಯಾದ ಮದ್ದೇ ಇರಲಿಲ್ಲ. ಶುದ್ಧವಾದ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇಷ್ಟನ್ನೇ ನಂಬಿಕೊಂಡು ಲೋಕದಾದ್ಯಂತ ಆರೋಗ್ಯಧಾಮಗಳು ನಡೆಯುತ್ತಿದ್ದುವು.

ಮದ್ದು ಬಂದ ಮೇಲೆಯೂ ಆರೋಗ್ಯಧಾಮದಲ್ಲಿದ್ದರೇ ಗುಣ ಎಂಬ ನಂಬಿಕೆ ಬಲವಾಗಿತ್ತು. ಅದು ನಿಜವೇ ಎಂದು 1956ರಿಂದ ಮದರಾಸಿನಲ್ಲಿ ಪರೀಕ್ಷೆ ಮಾಡಿದರು. ರೋಗಿಗಳಲ್ಲಿ ಯಾರು ಆರೋಗ್ಯಧಾಮಕ್ಕೆ, ಯಾರು ಮನೆಯಲ್ಲಿಯೇ ಇರುವುದು ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಗೊತ್ತುಮಾಡಿ, ಇಬ್ಬರಿಗೂ ಒಂದೇ ಮಾತ್ರೆಗಳನ್ನು ಕೊಟ್ಟರು. ಇಕ್ಕಟ್ಟಾದ ಬಡಮನೆಗಳಲ್ಲಿದ್ದು, ಕಡಿಮೆ ಆಹಾರ ತಿಂದವರೂ ಬಹುಮಟ್ಟಿಗೆ ಆರೋಗ್ಯಧಾಮದವರಷ್ಟೇ ಗುಣವಾದರು ಎಂಬ ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ಎಲ್ಲರೂ ನಂಬಿದ್ದ ಮಾತನ್ನು ಕೂಡ ಪರೀಕ್ಷೆಗೆ ಒಡ್ಡಬೇಕು ಎಂಬುದನ್ನು ಈ ಕೆಲಸವು ನಮಗೆ ಕಲಿಸಿತು.

ಇನ್ನೊಂದು ಪಾಠ ತುಮಕೂರಿನದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ, 1963ರಲ್ಲಿ ತಮ್ಮ ವರದಿಯನ್ನು ಹೊರತಂದರು. ಹಳ್ಳಿಯವರು ಕೆಮ್ಮನ್ನು ಲೆಕ್ಕಿಸುವುದಿಲ್ಲ ಎಂಬ ಪಟ್ಟಣದವರ ಊಹೆ ಸುಳ್ಳಾಯಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಪರಿಹಾರವನ್ನು ಅರಸಿ ಹೋಗಿದ್ದರು. ಆದರೆ ಬಂದವರ ಕಫವನ್ನು ನೋಡದೆ, ಒಂದು ಸೀಸೆ ಕೆಮ್ಮಿನ ಔಷಧವನ್ನು ಕೊಟ್ಟು ಕಳುಹಿಸುವ ರೂಢಿಯೇ ಚಿಕಿತ್ಸಾಲಯಗಳಲ್ಲಿ ನಡೆದುಬಂದಿತ್ತು. ಕಾರಣವನ್ನು ಹುಡುಕದೆ ಕೆಮ್ಮನ್ನು ಅಡಗಿಸಹೊರಟರೆ ಏನಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕ್ಷಯವೊಂದೇ ಕಾರಣವಲ್ಲ. ಉಬ್ಬಸ, ಮೂಗಿನ ಅಲರ್ಜಿ, ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದು, ಬೀಡಿ ಸಿಗರೇಟು, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲವೂ ಕೆಮ್ಮನ್ನು ತರುತ್ತವೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ತಜ್ಞರು ತಮ್ಮ ಸಂಗಡಿಗರೊಡನೆ 4333 ಮಂದಿ ವಯಸ್ಕರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 2.5 ಮಂದಿಗೆ, ಎಂದರೆ ನಲವತ್ತು ಜನಕ್ಕೆ ಒಬ್ಬರಿಗೆ, ದೀರ್ಘಕಾಲದ ಕೆಮ್ಮಿತ್ತು. ಸೌದೆ ಒಲೆಯ ಹೊಗೆಯ ವಿಷಯದಲ್ಲಿಯೂ ಮೈಸೂರಿನ ಸುತ್ತಣ ಹಳ್ಳಿಗಳಲ್ಲಿ ಕೆಲಸ ನಡೆದಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ, ಎಂಬ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವ ಮೊತ್ತ 60ನ್ನು ಮುಟ್ಟಿದ ಹೆಂಗಸರಲ್ಲಿ ಶ್ವಾಸನಾಳದ ದೀರ್ಘಕಾಲದ ಉರಿಯೂತ ಹೆಚ್ಚೆಂದು 2013ರಲ್ಲಿ ತಿಳಿದುಬಂದಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡಿಗೆ ಮಾಡಿದವಳು ಆ ಗಡಿಯನ್ನು ಮುಟ್ಟುತ್ತಾಳೆ. ಇವಳಿಗೆ ಮೊದಲು ಬೇಕಾದುದು ಮಾತ್ರೆಯಲ್ಲ, ಹೊಗೆಯಿಲ್ಲದ ಒಲೆ.

ಕಾರಣ ಸಿಕ್ಕದ ಕೆಮ್ಮು

ಎಲ್ಲ ಕಾರಣಗಳನ್ನೂ ಹುಡುಕಿ, ಸಿಕ್ಕಿದುದಕ್ಕೆ ಚಿಕಿತ್ಸೆ ಮಾಡಿದ ಮೇಲೂ ಕೆಲವರ ಕೆಮ್ಮು ನಿಲ್ಲುವುದಿಲ್ಲ. ಇವರು ಕೆಮ್ಮುವುದಕ್ಕೆ ಮೆಣಸಿನ ಘಾಟು ಬೇಡ. ತಣ್ಣನೆಯ ಗಾಳಿ, ಅಗರಬತ್ತಿಯ ವಾಸನೆ, ನಗು, ಮಾತು, ಇಷ್ಟು ಸಾಕು. ಕಾವಲುಗಾರನು ಕಳ್ಳನನ್ನು ಕಂಡು ಕೂಗುವುದು ಸರಿ. ಎಲೆ ಅಲುಗಿದರೂ ರಾತ್ರಿಯೆಲ್ಲ ಕೂಗುತ್ತಿದ್ದರೆ ಮನೆಯವರ ಗತಿಯೇನು? ಇಲ್ಲಿ ಕೆಟ್ಟಿರುವುದು ಶ್ವಾಸಕೋಶವಲ್ಲ, ಸುದ್ದಿಯನ್ನು ಒಯ್ಯುವ ನರ ಎಂದು ವಿಜ್ಞಾನಿಗಳು ತರ್ಕಿಸಿದರು.

ಈ ನರವನ್ನು ಕೆರಳಿಸುವುದು ಯಾವುದು? ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಎ.ಟಿ.ಪಿ. ಎಂಬ ವಸ್ತುವಿದೆ. ಕೋಶದ ಕೆಲಸಕ್ಕೆ ಬೇಕಾದ ಶಕ್ತಿಯ ನಾಣ್ಯವೆಂದು ಇದನ್ನು ಪಾಠಪುಸ್ತಕಗಳಲ್ಲಿ ಓದಿದ್ದೇವೆ. ಇದು ಇರಬೇಕಾದುದು ಕೋಶದ ಒಳಗೆ. ಕೋಶಕ್ಕೆ ಪೆಟ್ಟು ಬಿದ್ದಾಗ ಇದು ಹೊರಕ್ಕೆ ಸೋರುತ್ತದೆ. ಹೊರಬಂದ ಎ.ಟಿ.ಪಿ.ಯನ್ನು ನರಗಳು ಒಂದು ಸಂಕೇತವಾಗಿ ಓದಿಕೊಳ್ಳುತ್ತವೆ ಎಂದು ಜೆಫ್ರಿ ಬರ್ನ್‌ಸ್ಟಾಕ್ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ ಹೇಳಿದಾಗ ಅನೇಕರು ನಂಬಲಿಲ್ಲ. ಮುಂದೆ ಅದನ್ನು ಹಿಡಿಯುವ ಗ್ರಾಹಕಗಳೇ ದೊರೆತ ಮೇಲೆ ಸಂಶಯಕ್ಕೆ ಎಡೆಯಿಲ್ಲವಾಯಿತು. ಅವುಗಳಲ್ಲಿ ಒಂದರ ಹೆಸರು ಪಿ2ಎಕ್ಸ್3. ಶ್ವಾಸನಾಳದ ನರತುದಿಗಳಲ್ಲಿ ಇದು ಇದೆ. ಬೀಗಕ್ಕೆ ಬೀಗದ ಕೈ ಹೊಂದುವಂತೆ ಎ.ಟಿ.ಪಿ.ಯು ಈ ಗ್ರಾಹಕಕ್ಕೆ ಹೊಂದಿಕೊಂಡೊಡನೆ ನರವು ಉದ್ರೇಕಗೊಳ್ಳುತ್ತದೆ.

ಹಾಗಾದರೆ ಆ ಬೀಗದ ತೂತನ್ನು ಮುಚ್ಚಿಬಿಟ್ಟರೆ? ಈ ಆಲೋಚನೆಯಿಂದ ಹುಟ್ಟಿದ ಮದ್ದಿಗೆ ಮೊದಲು ಎ.ಎಫ್.-219 ಎಂಬ ಸಂಖ್ಯೆಯ ಹೆಸರಿತ್ತು. ಬಳಿಕ ಗೆಫಾಪಿಕ್ಸಂಟ್ ಎಂದಾಯಿತು. ಇದರ ಗುಣವನ್ನು ತೋರಿಸುವ ಒಂದು ಸೊಗಸಾದ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಈ ಮದ್ದನ್ನು ಕೊಟ್ಟು, ಬೇರೆ ಬೇರೆ ವಸ್ತುಗಳ ತುಂತುರನ್ನು ಉಸಿರಿನೊಡನೆ ಎಳೆದುಕೊಳ್ಳಲು ಹೇಳಿದಾಗ ಎ.ಟಿ.ಪಿ.ಯಿಂದ ಬರುವ ಕೆಮ್ಮು ಕಡಿಮೆಯಾಯಿತು, ಮೆಣಸಿನ ಕ್ಯಾಪ್ಸೈಸಿನ್‌ನಿಂದ ಬರುವ ಕೆಮ್ಮು ಕಡಿಮೆಯಾಗಲಿಲ್ಲ. ಎಂದರೆ ಮದ್ದು ಕಾವಲುಗಾರನನ್ನೇ ಮಲಗಿಸುವುದಿಲ್ಲ. ಒಂದು ಬಾಗಿಲನ್ನು ಮಾತ್ರ ಮುಚ್ಚುತ್ತದೆ. ಒಗ್ಗರಣೆಯ ಘಾಟಿಗೆ ಕೆಮ್ಮುವ ಶಕ್ತಿ ಉಳಿದಿರುತ್ತದೆ. ಇದು ಬಹಳ ಒಳ್ಳೆಯದು. ಕೆಮ್ಮಲಾರದವನ ಶ್ವಾಸಕೋಶಕ್ಕೆ ಅನ್ನ ನೀರು ಹೊಕ್ಕರೆ ಪ್ರಾಣಕ್ಕೇ ಅಪಾಯ.

ಇಪ್ಪತ್ತನಾಲ್ಕು ಮಂದಿಯ ಪರೀಕ್ಷೆ

ರೋಗಿಗಳ ಮೇಲೆ ನಡೆದ ಮೊದಲ ಮಹತ್ವದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾಯಿತು. ಅದರಲ್ಲಿ ಇದ್ದವರು 24 ಮಂದಿ ಮಾತ್ರ. ಪ್ರತಿಯೊಬ್ಬರೂ ಎರಡು ವಾರ ಮದ್ದನ್ನೂ ಎರಡು ವಾರ ಹುಸಿಮಾತ್ರೆಯನ್ನೂ ತೆಗೆದುಕೊಂಡರು. ಹುಸಿಮಾತ್ರೆ ನೋಡಲು ಮದ್ದಿನಂತೆಯೇ ಇರುತ್ತದೆ. ಅದರಲ್ಲಿ ಮದ್ದು ಇರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ರೋಗಿಗೂ ತಿಳಿಯದು, ನೋಡಿಕೊಳ್ಳುವ ವೈದ್ಯರಿಗೂ ತಿಳಿಯದು. ನಡುವೆ ಮೊದಲನೆಯದರ ಪ್ರಭಾವ ಅಳಿಯಲೆಂದು ಎರಡು ವಾರದ ಬಿಡುವು. ಹೀಗೆ ಪ್ರತಿಯೊಬ್ಬ ರೋಗಿಯೂ ತನಗೆ ತಾನೇ ಹೋಲಿಕೆಯಾಗುತ್ತಾನೆ.

ಹುಸಿಮಾತ್ರೆಯನ್ನು ತೆಗೆದುಕೊಂಡಾಗಿನ ಸ್ಥಿತಿಗೆ ಹೋಲಿಸಿದರೆ, ಮದ್ದನ್ನು ತೆಗೆದುಕೊಂಡಾಗ ಹಗಲಿನ ಕೆಮ್ಮು ನೂರಕ್ಕೆ 75ರಷ್ಟು ಇಳಿಯಿತು. ಮದ್ದಿನ ಅವಧಿಯಲ್ಲಿ ಗಂಟೆಗೆ ಸರಾಸರಿ 37 ಬಾರಿ ಇದ್ದುದು 11ಕ್ಕೆ ಬಂದಿತು. ಅನೇಕ ದಶಕಗಳಿಂದ ಹೊಸ ಮದ್ದೇ ಇಲ್ಲದಿದ್ದ ಈ ರಂಗದಲ್ಲಿ ಇದು ದೊಡ್ಡ ಸುದ್ದಿಯಾಯಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಮದ್ದನ್ನು ತೆಗೆದುಕೊಂಡ ಎಲ್ಲರಿಗೂ ನಾಲಗೆಯ ರುಚಿ ಕೆಟ್ಟಿತ್ತು. ಆರು ಮಂದಿ ಆ ಕಾರಣದಿಂದಲೇ ನಡುವೆ ಬಿಟ್ಟುಹೋದರು.

ಕೆಮ್ಮಿಗೂ ರುಚಿಗೂ ಏನು ಸಂಬಂಧ? ನಾಲಗೆಯ ರುಚಿಮೊಗ್ಗುಗಳು ತಮ್ಮ ಸುದ್ದಿಯನ್ನು ನರಕ್ಕೆ ತಲುಪಿಸುವುದು ಕೂಡ ಎ.ಟಿ.ಪಿ.ಯ ಮೂಲಕವೇ. ಅಲ್ಲಿ ಅದನ್ನು ಹಿಡಿಯುವುದು ಪಿ2ಎಕ್ಸ್3 ಮತ್ತು ಅದರ ಸೋದರನಾದ ಪಿ2ಎಕ್ಸ್2 ಎರಡೂ ಹೆಣೆದುಕೊಂಡಿರುವ ಗ್ರಾಹಕ. ಮದ್ದು ಇದನ್ನೂ ಮುಚ್ಚುತ್ತದೆ. ಮದ್ದನ್ನು ಬಿಟ್ಟರೆ ರುಚಿ ಮರಳುತ್ತದೆ; ಆದರೆ ಮದ್ದು ನಡೆಯುತ್ತಿರುವಷ್ಟು ಕಾಲ ಬಾಯಿ ಕಹಿ, ಲೋಹವನ್ನು ನೆಕ್ಕಿದ ಹಾಗೆ, ಇಲ್ಲವೆ ಸಪ್ಪೆ.

ಎಣಿಸುವುದು ಹೇಗೆ? ಹೋಲಿಸುವುದು ಏಕೆ?

ಚಿಕ್ಕ ಪರೀಕ್ಷೆಯ ಬಳಿಕ ದೊಡ್ಡ ಪರೀಕ್ಷೆ ನಡೆಯಲೇಬೇಕು. ಅನೇಕ ದೇಶಗಳಲ್ಲಿ ಒಟ್ಟು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಎರಡು ಪರೀಕ್ಷೆಗಳನ್ನು ನಡೆಸಿದರು. ಮೊದಲನೆಯದರ ಮುಖ್ಯ ಅಳತೆ 12 ವಾರಕ್ಕೆ, ಎರಡನೆಯದರದು 24 ವಾರಕ್ಕೆ. ಸೇರಿದವರಲ್ಲಿ ನಾಲ್ಕರಲ್ಲಿ ಮೂವರು ಹೆಂಗಸರು. ಸರಾಸರಿ ಹನ್ನೊಂದು ವರ್ಷದಿಂದ ಕೆಮ್ಮುತ್ತಿದ್ದವರು. ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ ಎರಡು ಬಾರಿ 45 ಮಿಲಿಗ್ರಾಂ, ಒಂದಕ್ಕೆ 15 ಮಿಲಿಗ್ರಾಂ, ಒಂದಕ್ಕೆ ಹುಸಿಮಾತ್ರೆ ಕೊಟ್ಟರು.

ಕೆಮ್ಮನ್ನು ಅಳೆಯುವ ಬಗೆ ಹೇಗೆ? 'ಈಗ ಹೇಗಿದೆ?' ಎಂದು ಕೇಳಿದರೆ ಸಾಲದು. ನಿನ್ನೆ ಎಷ್ಟು ಬಾರಿ ಕೆಮ್ಮಿದೆನೆಂಬುದು ಯಾರಿಗೂ ನೆನಪಿರುವುದಿಲ್ಲ. ವೈದ್ಯರು ಒಳ್ಳೆಯವರಾದರೆ ಅವರ ಮನಸ್ಸು ನೋಯಬಾರದೆಂದು 'ವಾಸಿ' ಎಂದುಬಿಡುವ ದಾಕ್ಷಿಣ್ಯವೂ ಉಂಟು. ಆದುದರಿಂದ ರೋಗಿಯ ಉಡುಪಿಗೂ ಎದೆಗೂ ಚಿಕ್ಕ ಧ್ವನಿಗ್ರಾಹಕಗಳನ್ನು ಜೋಡಿಸಿ, 24 ಗಂಟೆಯ ಸದ್ದನ್ನೆಲ್ಲ ಮುದ್ರಿಸಿಕೊಳ್ಳುತ್ತಾರೆ. ಯಂತ್ರವು ಮಾತು, ಗದ್ದಲ, ಮೌನಗಳನ್ನು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಉಳಿದುದನ್ನು ತರಬೇತಾದವರು ಕೇಳಿ ಕೆಮ್ಮುಗಳನ್ನು ಎಣಿಸುತ್ತಾರೆ.

ಇಷ್ಟು ನಿಖರವಾಗಿ ಎಣಿಸಿದಾಗ ಒಂದು ವಿಸ್ಮಯಕರ ಸಂಗತಿ ಹೊರಬಿದ್ದಿತು. ಹುಸಿಮಾತ್ರೆಯನ್ನು ನುಂಗಿದವರ ಕೆಮ್ಮು ಕೂಡ ಅರ್ಧಕ್ಕಿಂತ ಹೆಚ್ಚು ಇಳಿಯಿತು! ಇದಕ್ಕೆ ಕಾರಣಗಳು ಹಲವು. ಕೆಮ್ಮು ಏರಿಳಿಯುವ ಸ್ವಭಾವದ್ದು. ಅತ್ಯಂತ ಹೆಚ್ಚಾಗಿರುವಾಗಲೇ ಜನ ವೈದ್ಯರ ಬಳಿಗೆ ಹೋಗುತ್ತಾರೆ, ಪರೀಕ್ಷೆಗೆ ಸೇರುತ್ತಾರೆ. ಏರಿದುದು ಆ ಬಳಿಕ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಮೇಲಾಗಿ ಕೆಮ್ಮು ನಮ್ಮ ಇಚ್ಛೆಗೆ ಅಷ್ಟಿಷ್ಟು ಅಧೀನವಾದುದು. ಗುಣವಾಗುತ್ತದೆಂಬ ಭರವಸೆಯಿಂದ ಮೆದುಳು ಅದನ್ನು ಹತ್ತಿಕ್ಕಬಲ್ಲದು. ವೈದ್ಯರ ಆದರ, ಕ್ರಮಬದ್ಧವಾದ ಭೇಟಿ, ಇವೂ ಕೆಲಸ ಮಾಡುತ್ತವೆ. ಹೋಲಿಕೆಯ ಗುಂಪು ಇಲ್ಲದೆ ಬರಿಯ ಮದ್ದನ್ನು ಕೊಟ್ಟು ನೋಡಿದ್ದರೆ ಈ ಇಳಿತವೆಲ್ಲ ಮದ್ದಿನ ಮಹಿಮೆಯೆಂದೇ ಪ್ರಚಾರವಾಗುತ್ತಿತ್ತು. ಅಂಗಡಿಯ ಸೀಸೆಯ ಔಷಧಗಳನ್ನೂ ಅಜ್ಜಿಯ ಕಷಾಯವನ್ನೂ ಹೊಗಳುವಾಗ ನಾವು ಈ ಮಾತನ್ನು ಮರೆಯಬಾರದು. ಬಹುಕಾಲದಿಂದ ಕೆಮ್ಮಿಗೆ ಕೊಡುತ್ತಿದ್ದ ಕೊಡೀನ್ ಕೂಡ, ದೀರ್ಘಕಾಲದ ಶ್ವಾಸಕೋಶರೋಗವುಳ್ಳವರಲ್ಲಿ ಹೀಗೆ ಹೋಲಿಸಿ ನೋಡಿದಾಗ ಹುಸಿಮದ್ದಿಗಿಂತ ಮೇಲೆಂದು ತೋರಲಿಲ್ಲ. ಆ ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಹೊಸ ಮದ್ದು ಹುಸಿಮಾತ್ರೆಯನ್ನು ಗೆದ್ದಿತೆ? ಗೆದ್ದಿತು, ಆದರೆ ಸ್ವಲ್ಪದರಲ್ಲಿ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 45 ಮಿಲಿಗ್ರಾಂ ಪಡೆದವರಲ್ಲಿ ಕೆಮ್ಮು ಹುಸಿಮಾತ್ರೆಯವರಿಗಿಂತ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 18.5ರಷ್ಟು, ಎರಡನೆಯದರಲ್ಲಿ 14.6ರಷ್ಟು ಕಡಿಮೆಯಾಗಿತ್ತು. 15 ಮಿಲಿಗ್ರಾಂನಿಂದ ಖಚಿತವಾದ ಪ್ರಯೋಜನ ಕಾಣಲಿಲ್ಲ. ರುಚಿಯ ತೊಂದರೆ 45 ಮಿಲಿಗ್ರಾಂನವರಲ್ಲಿ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 58 ಮಂದಿಗೆ, ಎರಡನೆಯದರಲ್ಲಿ ಸುಮಾರು 69 ಮಂದಿಗೆ ಆಯಿತು.

ಈ ಅಂಕಿಗಳ ಅರ್ಥವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಗಂಟೆಗೆ 20 ಬಾರಿ ಕೆಮ್ಮುವವರ ಎರಡು ಗುಂಪುಗಳಿವೆಯೆಂದು ಇಟ್ಟುಕೊಳ್ಳಿ. ಹುಸಿಮಾತ್ರೆಯ ಗುಂಪಿನಲ್ಲಿ ಅದು 9ಕ್ಕೆ ಇಳಿಯಿತು. ಮದ್ದಿನ ಗುಂಪಿನಲ್ಲಿ 9ಕ್ಕಿಂತ ನೂರಕ್ಕೆ 18.5 ಕಡಿಮೆ, ಎಂದರೆ 7.3ಕ್ಕೆ ಇಳಿಯಿತು. ಇಡೀ ದಿನಕ್ಕೆ ಲೆಕ್ಕ ಹಾಕಿದರೆ ಒಂದು ಕಡೆ ಸುಮಾರು 216 ಕೆಮ್ಮು, ಇನ್ನೊಂದು ಕಡೆ ಸುಮಾರು 176. ಆ ನಲವತ್ತು ಕೆಮ್ಮುಗಳ ವ್ಯತ್ಯಾಸ ಮಾತ್ರ ಮದ್ದಿನದು.

ಕಣ್ಣುಕಟ್ಟಿನ ತೊಡಕು

ಇಲ್ಲಿ ಇನ್ನೂ ಒಂದು ಸೂಕ್ಷ್ಮವಾದ ತೊಡಕು ಉಂಟು. ಯಾರಿಗೆ ಮದ್ದು, ಯಾರಿಗೆ ಹುಸಿಮಾತ್ರೆ ಎಂಬುದು ಗುಟ್ಟಾಗಿರಬೇಕೆಂದು ಹೇಳಿದೆವಷ್ಟೆ. ಆದರೆ ಮಾತ್ರೆಯನ್ನು ನುಂಗಿದ ಕೆಲವು ದಿನಕ್ಕೆ ಒಬ್ಬನಿಗೆ ಮೈಸೂರು ಪಾಕೂ ಮಣ್ಣಿನಂತೆ ಕಂಡರೆ, ತನಗೆ ಸಿಕ್ಕಿರುವುದು ನಿಜವಾದ ಮದ್ದೆಂದು ಅವನು ಊಹಿಸಲಾರನೆ? ಎಂದಿನಂತೆಯೇ ಸವಿಯುತ್ತಿರುವವನು ತನ್ನದು ಹುಸಿಯೆಂದು ನಿರಾಶನಾಗಲಾರನೆ? ಭರವಸೆಯೂ ಕೆಮ್ಮನ್ನು ಇಳಿಸಬಲ್ಲದೆಂದು ಈಗತಾನೆ ನೋಡಿದೆವು. ಹಾಗಿರುವಾಗ ಗುಟ್ಟು ರಟ್ಟಾದುದರಿಂದಲೇ ಆ ನಲವತ್ತು ಕೆಮ್ಮುಗಳಲ್ಲಿ ಕೆಲವು ಕಡಿಮೆಯಾಗಿರಬಹುದಲ್ಲವೆ? ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ.

ಇದೇ ಪಿ2ಎಕ್ಸ್3ನ್ನು ಹೆಚ್ಚು ಆಯ್ದು ಮುಚ್ಚಿ, ರುಚಿಯ ಗ್ರಾಹಕವನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಕ್ಯಾಮ್ಲಿಪಿಕ್ಸಂಟ್ ಎಂಬ ಇನ್ನೊಂದು ಮದ್ದನ್ನು ಪರೀಕ್ಷಿಸಲು ಹೊರಟುದಕ್ಕೆ ಇದೂ ಒಂದು ಕಾರಣ. ಅದರ ಎರಡನೆಯ ಹಂತದ ಪರೀಕ್ಷೆಯಲ್ಲಿ ಕೆಮ್ಮು ಹುಸಿಮಾತ್ರೆಗಿಂತ ನೂರಕ್ಕೆ 34ರಷ್ಟು ಇಳಿಯಿತು. ರುಚಿಯ ತೊಂದರೆ ನೂರಕ್ಕೆ ಏಳು ಮಂದಿಗೂ ಆಗಲಿಲ್ಲ. ಆದರೆ ಚಿಕ್ಕ ಪರೀಕ್ಷೆಯ ದೊಡ್ಡ ಫಲವು ದೊಡ್ಡ ಪರೀಕ್ಷೆಯಲ್ಲಿ ಹೇಗೆ ಕುಗ್ಗಬಲ್ಲದೆಂಬುದನ್ನು ಮೊದಲನೆಯ ಮದ್ದಿನಲ್ಲಿ ಕಂಡವರು ಇದರಲ್ಲಿ ಅವಸರಪಡಲಾರರು.

ಒಬ್ಬರ ಒಪ್ಪಿಗೆ, ಇನ್ನೊಬ್ಬರ ನಿರಾಕರಣೆ

ಗೆಫಾಪಿಕ್ಸಂಟನ್ನು ಜಪಾನು 2022ರ ಜನವರಿಯಲ್ಲಿ ಒಪ್ಪಿತು. ಐರೋಪ್ಯ ಒಕ್ಕೂಟವು 2023ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಾತ್ರ 2022ರ ಜನವರಿಯಲ್ಲಿ ಅರ್ಜಿಯನ್ನು ಹಿಂದಿರುಗಿಸಿ, ಮದ್ದಿನ ಫಲವನ್ನು ಅಳೆದ ರೀತಿಯ ಬಗ್ಗೆ ಹೆಚ್ಚಿನ ವಿವರ ಕೇಳಿತು. ತಯಾರಕರು ಕೆಮ್ಮಿನ ಎಣಿಕೆಯನ್ನು ಮತ್ತೆ ನಡೆಸಿ ಮರಳಿ ಬಂದರು. 2023ರ ನವೆಂಬರಿನಲ್ಲಿ ಆ ಆಡಳಿತದ ಸಲಹೆಗಾರ ತಜ್ಞರ ಮುಂದೆ ಒಂದೇ ಪ್ರಶ್ನೆ ಬಂದಿತು: ರೋಗಿಗಳಿಗೆ ಇದರಿಂದ ಗಣನೀಯವಾದ ಪ್ರಯೋಜನವುಂಟೆಂದು ಸಾಕ್ಷ್ಯ ಹೇಳುತ್ತದೆಯೆ? ಹನ್ನೆರಡು ಮಂದಿ ಇಲ್ಲವೆಂದರು, ಒಬ್ಬರು ಮಾತ್ರ ಹೌದೆಂದರು. ಡಿಸೆಂಬರಿನಲ್ಲಿ ಎರಡನೆಯ ನಿರಾಕರಣೆ ಹೊರಬಿದ್ದಿತು.

ಇಲ್ಲಿ ಯಾರು ಸರಿ, ಯಾರು ತಪ್ಪು? ಆಕಸ್ಮಿಕವಾಗಿ ಇಂಥ ವ್ಯತ್ಯಾಸ ಬರುವ ಸಂಭವ ಕಡಿಮೆ ಎಂದು ಗಣಿತ ಹೇಳಬಲ್ಲದು. ಆದರೆ ದಿನಕ್ಕೆ ನಲವತ್ತು ಕೆಮ್ಮು ಕಡಿಮೆಯಾಗುವುದಕ್ಕಾಗಿ ಊಟದ ರುಚಿಯನ್ನು ಬಿಟ್ಟುಕೊಡಬಹುದೇ ಎಂಬುದು ಗಣಿತದ ಪ್ರಶ್ನೆಯಲ್ಲ. ಹನ್ನೊಂದು ವರ್ಷ ನಿದ್ರೆಗೆಟ್ಟವಳು ಬಿಟ್ಟುಕೊಟ್ಟೇನೆಂದಾಳು, ಇನ್ನೊಬ್ಬಳು ಬೇಡವೆಂದಾಳು. ಇಬ್ಬರ ಮಾತೂ ಯುಕ್ತವೇ. ಜಪಾನು ಮತ್ತು ಐರೋಪ್ಯರು ಆಯ್ಕೆಯನ್ನು ರೋಗಿಗೂ ವೈದ್ಯರಿಗೂ ಬಿಟ್ಟರು; ಅಮೆರಿಕದವರು ಅಷ್ಟು ಸಾಕ್ಷ್ಯ ಸಾಲದೆಂದರು. ಮದ್ದು ಕೆಲಸ ಮಾಡುತ್ತದೆಯೇ ಎಂಬುದೂ ಅದು ಪ್ರಯೋಜನಕರವೇ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಪತ್ರಿಕೆಗಳಲ್ಲಿ ಹೊಸ ಔಷಧಗಳ ಸುದ್ದಿಯನ್ನು ಓದುವ ವಿದ್ಯಾರ್ಥಿಗಳು ಈ ಭೇದವನ್ನು ಮನಗಾಣಬೇಕು.

ಪರೀಕ್ಷೆಗೆ ಸೇರುವವರ ಹಕ್ಕು

ಮೈಸೂರಿನಂಥ ವೈದ್ಯಕೀಯ ಕಾಲೇಜುಗಳಿರುವ ನಗರದಲ್ಲಿ ಯಾರಿಗಾದರೂ, ನಮ್ಮ ಮನೆಯ ಹಿರಿಯರಿಗೇ ಆಗಲಿ, 'ಒಂದು ಹೊಸ ಮದ್ದಿನ ಪರೀಕ್ಷೆಗೆ ಸೇರುವಿರಾ?' ಎಂಬ ಪ್ರಶ್ನೆ ಬರಬಹುದು. ಆಗ ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ಭಾರತದಲ್ಲಿ ಇಂಥ ಪರೀಕ್ಷೆಗಳು 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳಿಗೆ ಒಳಪಟ್ಟಿವೆ. ಪರೀಕ್ಷೆಯನ್ನು ಮೊದಲು ಒಂದು ನೀತಿ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರೂ ಸಾಮಾನ್ಯ ನಾಗರಿಕರೂ ಇರಬೇಕು. ಮೊದಲ ರೋಗಿಯನ್ನು ಸೇರಿಸಿಕೊಳ್ಳುವುದಕ್ಕೆ ಮುಂಚೆ ಪರೀಕ್ಷೆಯ ವಿವರವನ್ನು ಎಲ್ಲರೂ ನೋಡಬಹುದಾದ ರಾಷ್ಟ್ರೀಯ ದಾಖಲೆಯಲ್ಲಿ ನಮೂದಿಸಬೇಕು. ಹಾಗೆ ಮಾಡುವುದರಿಂದ, ಫಲ ಬಾರದ ಪರೀಕ್ಷೆಯನ್ನು ಸದ್ದಿಲ್ಲದೆ ಹೂತುಹಾಕುವುದು ಕಷ್ಟವಾಗುತ್ತದೆ.

ಒಪ್ಪಿಗೆಯ ಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮದ್ದಿನಿಂದ ಆಗಬಹುದಾದ ತೊಂದರೆಗಳನ್ನೂ, ಹುಸಿಮಾತ್ರೆ ಸಿಕ್ಕುವ ಸಂಭವವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಯಾವ ಕ್ಷಣದಲ್ಲಿಯಾದರೂ ಕಾರಣ ಕೊಡದೆ ಬಿಟ್ಟುಹೋಗುವ ಹಕ್ಕು ರೋಗಿಗಿದೆ. ಬಿಟ್ಟುಹೋದನೆಂದು ಅವನ ಎಂದಿನ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. 'ವೈದ್ಯರು ದೊಡ್ಡವರು, ಅವರು ಹೇಳಿದ ಮೇಲೆ ಮುಗಿಯಿತು' ಎಂದು ಓದದೆ ಹೆಬ್ಬೆಟ್ಟು ಒತ್ತುವುದು ಭಕ್ತಿಯಾಗಬಹುದು, ಒಪ್ಪಿಗೆಯಾಗಲಾರದು. ಮನೆಯಲ್ಲಿ ಓದು ಬಲ್ಲ ಮಕ್ಕಳಿದ್ದರೆ ಆ ಪತ್ರವನ್ನು ಹಿರಿಯರಿಗೆ ಓದಿ ಹೇಳುವುದು ಅವರ ಕೆಲಸ.

ಆದರೆ ಭಯದಿಂದ ಎಲ್ಲವನ್ನೂ ತಳ್ಳಿಹಾಕುವುದೂ ಸರಿಯಲ್ಲ. ನಾವು ಇಂದು ನಂಬಿಕೆಯಿಂದ ನುಂಗುವ ಕ್ಷಯದ ಮಾತ್ರೆಗಳ ಹಿಂದೆ, ಮದರಾಸಿನ ಕಿಷ್ಕಿಂಧೆಯಂಥ ಮನೆಗಳಲ್ಲಿದ್ದುಕೊಂಡು ಪರೀಕ್ಷೆಗೆ ಒಪ್ಪಿದ ಹೆಸರಿಲ್ಲದ ರೋಗಿಗಳಿದ್ದಾರೆ. ಕೆಮ್ಮಿನ ಮದ್ದಿನ ಪರೀಕ್ಷೆಯಲ್ಲಿ ಹುಸಿಮಾತ್ರೆಯನ್ನು ನುಂಗಿದವರ ಸೇವೆಯೂ ಸಣ್ಣದಲ್ಲ. ನಿಜವಾದ ಮದ್ದು ಎಷ್ಟು, ಭರವಸೆ ಎಷ್ಟು ಎಂಬುದನ್ನು ಲೋಕಕ್ಕೆ ಅಳೆದುಕೊಟ್ಟವರು ಅವರೇ.

ಕೊನೆಗೆ ಒಂದು ಮಾತು. ಈ ಲೇಖನವನ್ನು ಓದುತ್ತಿರುವವರ ಮನೆಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮುತ್ತಿರುವವರು ಇದ್ದರೆ, ಅವರಿಗೆ ಹೊಸ ಮದ್ದನ್ನೂ ಹಳೆಯ ಸೀಸೆಯನ್ನೂ ಹುಡುಕುವ ಮುನ್ನ ಕಫದ ಪರೀಕ್ಷೆ ಮಾಡಿಸಿರಿ. ಕಾವಲುಗಾರನು ಸುಮ್ಮನೆ ಕೂಗುತ್ತಿದ್ದಾನೆಂದು ತೀರ್ಮಾನಿಸುವುದು, ಮನೆಯ ಸುತ್ತ ಒಮ್ಮೆ ದೀಪ ಹಿಡಿದು ನೋಡಿಬಂದ ಮೇಲೆ.